ತಿಮ್ಮಪ್ಪ ನೀರು ಹಾಕಿದ್ದ

ತಿಮ್ಮಪ್ಪ ತಾರಸಿಗೆ ನೀರು ಹಾಕಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಅವನು ಹಾಕಿದ್ದ. ತಾರಸಿ ಬಿರುಕು ಬಿಟ್ಟಿದ್ದು ನಾನು ತರಿಸಿದ ಮರಳಿನಿಂದ. ಅದು ನನಗೆ ಅವತ್ತೇ ಗೊತ್ತಿತ್ತು — ಆರು ವರ್ಷ ಬಾಯಿ ಬಿಡಲಿಲ್ಲ.

ನಾನು ಕಡೂರಿನ ಸಣ್ಣ ಕಂಟ್ರಾಕ್ಟರ್. ಶಾಲೆಯ ಕಾಂಪೌಂಡು, ಚರಂಡಿ, ಬಸ್ ತಂಗುದಾಣ, ಅಂಗನವಾಡಿಯ ಕೋಣೆ — ನನ್ನ ಕೆಲಸವೆಲ್ಲ ಈ ಮಟ್ಟದ್ದು. ತಿಮ್ಮಪ್ಪ ಯಗಟಿಯವನು, ಹದಿನಾಲ್ಕು ವರ್ಷ ನನ್ನ ಮೇಸ್ತ್ರಿಯಾಗಿದ್ದ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಹೋದಾಗ ಬಸ್ಸಿನ ಕಿಟಕಿಯಿಂದ ಕೈ ತೋರಿಸಿ 'ಇದು ನಾನು ಕಟ್ಟಿದ್ದು' ಎಂದು ಹೇಳಿಕೊಳ್ಳುತ್ತೇನಲ್ಲ, ಅದೆಲ್ಲ ಅವನು ಕಟ್ಟಿದ್ದು. ನಾನು ಟೆಂಡರ್ ಹಾಕಿದ್ದೆ, ಅಷ್ಟೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡಬೇಕು. ನನ್ನದು ಹುಟ್ಟಾ ಅನುಮಾನದ ಬುದ್ಧಿ. ಯಾರಾದರೂ ಕಾಫಿಗೆ ಕರೆದರೆ ಇವನಿಗೇನು ಬೇಕಾಗಿರಬಹುದು ಎಂದು ಯೋಚಿಸಿಯೇ ಲೋಟ ಮುಟ್ಟುವವನು ನಾನು. 'ನಿಮ್ ನೆರಳು ಹಿಂದೆ ಬಂದ್ರೂ ತಿರುಗಿ ನೋಡ್ತೀರಲ್ಲ' ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಈ ಕಸುಬಿಗೆ ಅದು ಒಳ್ಳೆಯದೇ ಎಂದುಕೊಂಡಿದ್ದೆ.

ಅಜ್ಜಂಪುರದ ಆಚೆ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಟ್ಟುವ ಕೆಲಸ ಸಿಕ್ಕಿತ್ತು. ಹೊಳೆ ಮರಳು ಸಿಗದಂತಾಗಿ, ಎಲ್ಲರೂ ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡಿಗೆ ಬದಲಾಗಿದ್ದ ಕಾಲ. ಎಂ-ಸ್ಯಾಂಡ್ ತೊಳೆದು ಬಂದರೆ ಒಳ್ಳೆಯ ಮರಳೇ. ಆದರೆ ತಾರಸಿ ಹಾಕುವ ದಿನ ಬಂದ ಲೋಡು ತೊಳೆದದ್ದಲ್ಲ. ತಿಮ್ಮಪ್ಪ ಒಂದು ಹಿಡಿ ಎತ್ತಿ ಮುಷ್ಟಿ ಬಿಗಿದು ನನ್ನ ಮುಂದೆ ಬಿಡಿಸಿದ.

"ಇದು ಮರಳಲ್ಲ ಕಣ್ರೀ, ಜಲ್ಲಿ ಧೂಳು. ನೋಡಿ, ಹೆಂಗೆ ಉಂಡೆ ಆಗೈತೆ. ಇದ್ರಲ್ಲಿ ಹಾಕಿದ್ರೆ ನೀರು ಜಾಸ್ತಿ ಕುಡೀತದೆ, ಆಮೇಲೆ ಸೀಳ್ತದೆ. ವಾಪಸ್ ಕಳ್ಸಿ."

ಮಿಕ್ಸರ್ ಬಂದು ನಿಂತಿತ್ತು. ಬೀರೂರಿನಿಂದ ಕರೆಸಿದ ಆಳುಗಳು ತಲೆಗೆ ಟವೆಲ್ ಸುತ್ತಿಕೊಂಡು ಕಾಯುತ್ತಿದ್ದರು. ನನಗೆ ಥಟ್ಟನೆ ಬಂದ ಯೋಚನೆ ಏನು ಗೊತ್ತೇ — ಇವನಿಗೆ ಬೇರೆ ಕ್ರಷರಿನವರ ಜೊತೆ ಒಳಒಪ್ಪಂದ ಇರಬೇಕು, ಅದಕ್ಕೇ ನನ್ನ ಲೋಡು ವಾಪಸ್ ಕಳಿಸು ಅನ್ನುತ್ತಿದ್ದಾನೆ. ಹದಿನಾಲ್ಕು ವರ್ಷ ಒಂದೇ ಬುತ್ತಿಯಲ್ಲಿ ಉಂಡವನ ಬಗ್ಗೆ.

"ನಾನ್ ಹೇಳ್ದಂಗೆ ಹಾಕು" ಎಂದೆ.

ಹಾಕಿದ. ಬಲ ಪರೀಕ್ಷೆಗೆಂದು ಲ್ಯಾಬಿಗೆ ಕಳಿಸುವ ಕಾಂಕ್ರೀಟ್ ಕ್ಯೂಬನ್ನು ಮಾತ್ರ ಬೇರೆ ಒಳ್ಳೆಯ ಮರಳಿನಲ್ಲಿ ಹಾಕಿಸಿದೆ. ನಮ್ಮ ಕಡೆ ಅದು ಮಾಮೂಲು. ಕ್ಯೂಬು ಪಾಸಾಗುತ್ತದೆ, ಕಟ್ಟಡ ಅದರ ಪಾಡಿಗೆ ಅದು — ಎಲ್ಲರೂ ಮಾಡುತ್ತಾರೆ ಎಂದು ಬರೆಯಲು ಹೊರಟೆ. ಬೇಡ. ನಾನು ಮಾಡಿದೆ.

ತಿಮ್ಮಪ್ಪ ಮಾತ್ರ ತನ್ನ ಕೆಲಸದಲ್ಲಿ ಕಡಿಮೆ ಮಾಡಲಿಲ್ಲ. ಕಾಂಕ್ರೀಟ್ ಗಟ್ಟಿಯಾಗಲೆಂದು ತಾರಸಿಯ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದ. ನಡುವೆ ಎರಡು ದಿನ ನೆಂಟರ ಸಾವಿಗೆ ಯಗಟಿಗೆ ಹೋಗಬೇಕಾಗಿ ಬಂದಾಗ ಹೆಂಡತಿ ಕೆಂಚಮ್ಮನನ್ನು ಅಲ್ಲೇ ಬಿಟ್ಟು ಹೋದ. ಆ ಎರಡು ದಿನವೂ ನಾನು ಏಣಿ ಹತ್ತಿ ನೋಡಿದ್ದೇನೆ — ಅನುಮಾನದ ಮನುಷ್ಯನಲ್ಲವೇ. ಬೆರಳಿನ ಗೆಣ್ಣು ಮುಳುಗುವಷ್ಟು ನೀರಿತ್ತು. ಕೆಂಚಮ್ಮ ಬೋರ್‌ವೆಲ್ಲಿನಿಂದ ಕೊಡ ಹೊತ್ತು ತರುತ್ತಿದ್ದಳು.

ಒಳಗೆ ಆಧಾರ ಕೊಟ್ಟಿದ್ದ ಕಂಬಗಳನ್ನು ಬಿಚ್ಚಿದ ಮೇಲೆ ಬಿರುಕು ಕಾಣಿಸಿತು. ಮೊದಲು ಕೂದಲೆಳೆಯಷ್ಟು. ಇಲಾಖೆಯ ಇಂಜಿನಿಯರ್ ಬಂದರು. ನಾನು ಒಳಗೆ ಕೆಲಸದ ಕಾಗದ ಹುಡುಕುತ್ತಿದ್ದಾಗ ತಿಮ್ಮಪ್ಪ ಅವರ ಜೀಪಿನ ಪಕ್ಕ ನಿಂತು ಏನೋ ಹೇಳುತ್ತಿದ್ದ. ಅವರು ತಲೆಯಾಡಿಸುತ್ತಿದ್ದರು. ಮರಳಿನ ವಿಷಯ ಹೇಳಿಬಿಟ್ಟ, ನನ್ನ ಲೈಸೆನ್ಸ್ ಹೋಯಿತು — ಇಷ್ಟೇ ತಲೆಯಲ್ಲಿ. ಅವನು ಪೂರ್ತಿ ಹೇಳುವ ಮೊದಲು ನಾನು ಹೇಳಬೇಕು. ಬೇಗ ಬೇಗ ಹೆಜ್ಜೆ ಹಾಕಿ ಹೋದೆ.

"ಸಾರ್, ಮೇಸ್ತ್ರಿ ಎರಡು ದಿನ ಊರಿಗೆ ಹೋಗ್ಬಿಟ್ಟಿದ್ದ. ನೀರು ಹಾಕಿಲ್ಲ. ಅದಕ್ಕೇ ಸೀಳಿರೋದು."

ತಿಮ್ಮಪ್ಪ ನನ್ನ ಮುಖ ನೋಡಿದ. ಮರಳಿನ ಮಾತು ಎತ್ತಲಿಲ್ಲ. "ಕೆಂಚಿ ಹಾಕಿದ್ಲು" ಎಂದಷ್ಟೇ ಹೇಳಿದ. ಹೆಂಗಸಿನ ಮಾತು ಯಾರು ಕೇಳುತ್ತಾರೆ ಎಂಬಂತೆ ನಾನು ನಕ್ಕೆ. ಇಂಜಿನಿಯರೂ ನಕ್ಕರು. ಜೀಪಿನ ಬಳಿ ಅವರಿಬ್ಬರು ಏನು ಮಾತಾಡಿಕೊಂಡಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ನೀರು ಹಾಕದ ತಪ್ಪಾದ್ದರಿಂದ ಮೇಲೊಂದು ಲೇಪ ಬಳಿದರೆ ಸಾಕು ಎಂದಾಯಿತು. ಮರಳು ಕೆಟ್ಟದ್ದು ಎಂದು ಗೊತ್ತಿದ್ದರೆ ತಾರಸಿಯ ಬಲವನ್ನೇ ಪರೀಕ್ಷೆ ಮಾಡಬೇಕಾಗಿತ್ತು. ಲೇಪ ಬಳಿಸಿದೆ. ಮಕ್ಕಳನ್ನು ಒಳಗೆ ಕೂರಿಸಿದರು.

ತಿಮ್ಮಪ್ಪನಿಗೆ 'ನೀರು ಹಾಕದ ಮೇಸ್ತ್ರಿ' ಎಂಬ ಹೆಸರು ಬಿತ್ತು. ಕಂಟ್ರಾಕ್ಟರುಗಳ ನಡುವೆ ಇಂಥ ಮಾತು ಲಿಂಗದಹಳ್ಳಿ ಮುಟ್ಟಲು ವಾರ ಬೇಡ. ಯಾರೂ ಅವನ ಕೈಗೆ ತಾರಸಿ ಕೊಡಲಿಲ್ಲ. ಮೇಸ್ತ್ರಿಯಾಗಿದ್ದವನು ಗಾರೆಯ ಬಾಂಡ್ಲಿ ಹೊರುವ ಕೂಲಿಯಾದ. ಕಂಡರೆ ನಾನು ರಸ್ತೆ ದಾಟುತ್ತಿದ್ದೆ.

ಈಗ ಕಾಲ ಮತ್ತೆ ಬದಲಾಗುತ್ತಿದೆ. ಮೊನ್ನೆ ತರೀಕೆರೆಯಲ್ಲಿ ಇಲಾಖೆಯವರು ಕಂಟ್ರಾಕ್ಟರುಗಳನ್ನೆಲ್ಲ ಕೂರಿಸಿ ಪರದೆಯ ಮೇಲೆ ಚಿತ್ರ ತೋರಿಸಿದರು. ಮುಂದೆ ಬರುವ ನಿಯಮಗಳಂತೆ: ಮರಳಿನ ಲೋಡು ಲೋಡಿಗೂ ಸ್ಯಾಂಪಲ್ ತೆಗೆದು ಸೀಲ್ ಮಾಡಿ ಇಡಬೇಕು. ಕ್ಯೂಬ್ ಹಾಕುವಾಗ ಜಾಗ, ಹೊತ್ತು ಅದರಲ್ಲೇ ದಾಖಲಾಗುವಂತೆ ಫೋಟೋ ಕಳಿಸಬೇಕು. ಕಟ್ಟಡ ಹಸ್ತಾಂತರವಾದ ಮೇಲೂ ವರ್ಷಗಟ್ಟಲೆ ಕಂಟ್ರಾಕ್ಟರೇ ಹೊಣೆ. ಮೇಸ್ತ್ರಿಗಳಿಗೆ ಕುಶಲ ಕೆಲಸಗಾರ ಎಂಬ ಕಾರ್ಡು ಬರುತ್ತದೆ. ಕಾರ್ಡಿಲ್ಲದವನು ಸರ್ಕಾರಿ ಕೆಲಸದಲ್ಲಿ ಕೂಲಿ ಮಾತ್ರ. ಸುತ್ತ ಕುಳಿತವರೆಲ್ಲ ಗೊಣಗಿದರು. ನನಗೆ ಮಾತ್ರ ಪರದೆಯ ಮುಂದೆ ನಿಂತವನು ಪ್ರತಿ ಸಲ ನನ್ನನ್ನೇ ನೋಡುತ್ತಿದ್ದಾನೆ ಎನಿಸಿತು. ಇಷ್ಟು ಜನರಲ್ಲಿ ನನ್ನನ್ನೇ ಯಾಕೆ —

ವಾರ ಕಳೆಯುವುದರಲ್ಲಿ ತಿಮ್ಮಪ್ಪ ಮನೆ ಬಾಗಿಲಿಗೆ ಬಂದ. ಕೈಯಲ್ಲಿ ಆ ಕಾರ್ಡಿನ ಅರ್ಜಿ. ಇಂಥವನು ಇಷ್ಟು ವರ್ಷ ಮೇಸ್ತ್ರಿಯಾಗಿ ದುಡಿದಿದ್ದಾನೆ, ಕೆಲಸ ಚೆನ್ನಾಗಿದೆ ಎಂದು ಕಂಟ್ರಾಕ್ಟರ್ ಒಬ್ಬ ಬರೆದು ಸಹಿ ಹಾಕಬೇಕು.

"ನಂಗೆ ಬೇರೆ ಯಾರು ಹಾಕ್ತಾರೆ ಹೇಳಿ. ಮೇಸ್ತ್ರಿ ಕೆಲ್ಸ ಮಾಡಿರೋದು ನಿಮ್ ಹತ್ರ ಮಾತ್ರ" ಎಂದ.

ಅವನ ಅಂಗಿ ಜೇಬಿನಲ್ಲಿ ಫೋನು ನೆಟ್ಟಗೆ ನಿಂತಿತ್ತು. ರೆಕಾರ್ಡ್ ಮಾಡುತ್ತಿದ್ದಾನೆಯೇ? ಕೆಲಸ ಚೆನ್ನಾಗಿದೆ ಎಂದು ನಾನೇ ಬರೆದುಕೊಟ್ಟರೆ, ಅವತ್ತು ಆಡಿದ್ದು ಸುಳ್ಳೆಂದು ನನ್ನ ಕೈಯಿಂದಲೇ ಬರೆಸಿಕೊಂಡ ಹಾಗಲ್ಲವೇ? ಯಾರೋ ವಕೀಲರು ಕಳಿಸಿರಬೇಕು. ನಾಲ್ಕು ದಿನ ಬಿಟ್ಟು ಬಾ ಎಂದೆ. ಹೂಂ ಎಂದು ಹೋದ. ಕಾಫಿ ಕೊಡಲಿಲ್ಲ ನಾನು.

ಮರುದಿನವೇ ಅಜ್ಜಂಪುರದ ಬಸ್ಸು ಹತ್ತಿದೆ — ಮಕ್ಕಳ ಚಿಂತೆಯಿಂದ ಎಂದುಕೊಂಡೀರಿ. ಅಲ್ಲ. ಅವನು ಏನಾದರೂ ಸಾಕ್ಷಿ ಕೂಡಿಹಾಕುತ್ತಿದ್ದಾನೆಯೇ ಎಂದು ನೋಡಲು. ಅಂಗನವಾಡಿಯಲ್ಲಿ ಹತ್ತು ಹನ್ನೆರಡು ಮಕ್ಕಳು ತಟ್ಟೆ ಹಿಡಿದು ಕುಳಿತಿದ್ದರು. ತಲೆಯೆತ್ತಿ ನೋಡಿದೆ. ಬಿರುಕು ಈಗ ಗೋಡೆಯಿಂದ ತಾರಸಿಯ ನಡುವಿನವರೆಗೆ ಬಂದಿತ್ತು. ಅದರ ಉದ್ದಕ್ಕೂ ಅಲ್ಲಲ್ಲಿ ಪೆನ್ಸಿಲ್ಲಿನ ಅಡ್ಡಗೆರೆ, ಪಕ್ಕದಲ್ಲಿ ತಾರೀಖು.

"ಯಾರು ಹಾಕಿದ್ದು?" ಎಂದು ಅಂಗನವಾಡಿಯ ಗಿರಿಜಮ್ಮನನ್ನು ಕೇಳಿದೆ.

"ನಿಮ್ ಮೇಸ್ತ್ರಿನೇ ಕಣ್ರೀ. ಆರು ತಿಂಗ್ಳಿಗೊಂದ್ಸಲ ಬಂದು ಮೇಜು ಹತ್ತಿ ಗೆರೆ ಹಾಕ್ತಾರೆ. ಎಲ್ಲೀಗಂಟ ಬಂತು ಅಂತ ನೋಡೋಕಂತೆ. ಜಾಸ್ತಿ ಓಡಿದ್ರೆ ಮಕ್ಳನ್ನ ಕೂರಿಸ್ಬೇಡಿ, ನಂಗೆ ಫೋನ್ ಮಾಡಿ ಅಂದವ್ರೆ. ಹೋದ ತಿಂಗ್ಳು ಬಂದಾಗ ಯಾಕೋ ಮುಖ ಸಪ್ಪಗೆ ಮಾಡ್ಕಂಡ್ರು. ಆಫೀಸಿಗೆ ಹೋಗಿ ಹೇಳಿದ್ರಂತೆ, ನೀರು ಹಾಕದೋನು ಈಗ ಬುದ್ಧಿ ಹೇಳಕ್ಕೆ ಬಂದ ಅಂತ ಓಡ್ಸಿದ್ರಂತೆ."

ಆರು ವರ್ಷದಲ್ಲಿ ನಾನು ಒಂದು ಸಲವೂ ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಬದಲಿಸಿಕೊಂಡು ಅವನು ಬರುತ್ತಿದ್ದ. ನನಗೆ ನಾಚಿಕೆಯಾಯಿತು. ಹೊರಗೆ ಬಂದು ಜಗಲಿಯ ಮೇಲೆ ಕುಳಿತುಬಿಟ್ಟೆ, ಮೂರು ಬಸ್ಸು ಹೋದವು.

ಮನೆಗೆ ಬಂದು ಇಲಾಖೆಗೆ ಕಾಗದ ಬರೆದೆ. ಮರಳು, ಕ್ಯೂಬು, ಜೀಪಿನ ಬಳಿ ಆಡಿದ ಸುಳ್ಳು — ಒಂದನ್ನೂ ಬಿಡದೆ ಎರಡು ಪುಟ. ಲೈಸೆನ್ಸ್ ಹೋದರೆ ಹೋಗಲಿ ಎಂದೂ ಬರೆದೆ. ಅರ್ಜಿಗೆ ಸಹಿ ಹಾಕಿ, ಎರಡನ್ನೂ ಹಿಡಿದುಕೊಂಡು ಶನಿವಾರ ಬೀರೂರಿನಲ್ಲಿ ತಿಮ್ಮಪ್ಪ ಕೂಲಿ ಮಾಡುತ್ತಿದ್ದ ಕಟ್ಟಡದ ಹತ್ತಿರ ಹೋದೆ. ಇಟ್ಟಿಗೆ ರಾಶಿಯ ಮೇಲೆ ಕೂರಿಸಿ ಎರಡು ಪುಟವನ್ನೂ ಓದಿ ಹೇಳಿದೆ. ನಿಜ ಹೇಳಬೇಕೆಂದರೆ, ಅವನು ಈಗ ನನ್ನ ಕೈ ಹಿಡಿದುಕೊಳ್ಳುತ್ತಾನೆ, ಬಿಡಿ ಅನ್ನುತ್ತಾನೆ ಎಂದು ಒಳಗೊಳಗೇ ಕಾಯುತ್ತಿದ್ದೆ.

ತಿಮ್ಮಪ್ಪ ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡ. ಕಾಗದದ ಕಡೆ ನೋಡಿದ.

"ಎಲ್ಲ ಬರ್ದಿದೀರ. ಸೋಮವಾರ ಆ ಮಕ್ಳನ್ನ ಎಲ್ಲಿ ಕೂರಿಸ್ಬೇಕು ಅಂತ ಬರ್ದಿಲ್ವಲ್ಲ."

ಬರೆದಿರಲಿಲ್ಲ. ಎರಡು ಪುಟದ ತುಂಬ ನಾನೇ ಇದ್ದೆ.

ಅವನು ಎದ್ದು ಬಾಂಡ್ಲಿ ಎತ್ತಿಕೊಂಡು ಹೋದ. ತಿರುಗಿ ನೋಡಲಿಲ್ಲ. ಗಿರಿಜಮ್ಮನಿಗೆ ಫೋನ್ ಮಾಡಿ ಕೋಣೆಗೆ ಬೀಗ ಹಾಕಲು ಹೇಳಿದ್ದೇನೆ. ಮೇಲಿನವರ ಆದೇಶ ಇಲ್ಲದೆ ಆಗುವುದಿಲ್ಲ ಎಂದಳು. ನಾಳೆ ಸೋಮವಾರ. ಮಕ್ಕಳು ಬರುವ ಮೊದಲೇ ಹೋಗಿ ಆ ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ. ಯಾಕೆ ಎಂದು ತಾಯಂದಿರು ಕೇಳುತ್ತಾರೆ. ಅವರಿಗೂ ಹೇಳಬೇಕು.