ಬೀಗದಣ್ಣನ ಗೋಡೆಯ ಮೊಳೆಗಳು

ಬೀದಿಯವರೆಲ್ಲ ಅವನನ್ನು ಬೀಗದಣ್ಣ ಎಂದೇ ಕರೆಯುತ್ತಿದ್ದರು. ಅಂಗಡಿಯೇನು ಮಹಾ ದೊಡ್ಡದಲ್ಲ. ಬೀಗದ ಕೈ ಕೊರೆಯುವ ಯಂತ್ರ, ಒಂದು ಸ್ಟೂಲು, ಅದರ ಮೇಲೆ ಕುಳಿತವನ ಹೊಟ್ಟೆ, ಇಷ್ಟಕ್ಕೇ ಜಾಗ ಮುಗಿದುಹೋಗುತ್ತಿತ್ತು. ಹಿಂದಿನ ಗೋಡೆಯ ತುಂಬ ಮೊಳೆಗಳು, ಒಂದೊಂದು ಮೊಳೆಗೂ ಒಂದೊಂದು ಬೀಗದ ಕೈ. ಅವು ಮಾರಾಟಕ್ಕಲ್ಲ. ಅವನಿಂದ ಬೀಗ ಕೂರಿಸಿಕೊಂಡವರು ಒಂದು ಕೈ ಹೆಚ್ಚಿಗೆ ಮಾಡಿಸಿ ಅವನ ಹತ್ತಿರವೇ ಬಿಟ್ಟುಹೋಗುವುದು ಆ ಬೀದಿಯ ರೂಢಿಯಾಗಿಬಿಟ್ಟಿತ್ತು. ಕೈ ಕಳೆದುಕೊಂಡು ಬಂದವರಿಗೆ ಅವನು ಮೊದಲು ಹೊಟ್ಟೆ ತುಂಬ ಬೈಯುತ್ತಿದ್ದ, ಆಮೇಲೆ ಮೊಳೆಯಿಂದ ತೆಗೆದುಕೊಡುತ್ತಿದ್ದ. ಬೈಗುಳ ಪುಕ್ಕಟೆ.

ಅಷ್ಟು ಮನೆಗಳ ನಂಬಿಕೆ ತನ್ನ ಬೆನ್ನ ಹಿಂದೆ ತೂಗುತ್ತಿದೆ ಎಂದು ಅವನಿಗೆ ಸ್ವಲ್ಪ ಜಂಬವೂ ಇತ್ತೆನ್ನಿ. ಎದುರುಮನೆಯ ಲೆಕ್ಕದ ಮೇಷ್ಟ್ರ ಬಾಗಿಲಿಗೆ ಹೊಸ ಬೀಗ ಕೂರಿಸಿದ ದಿನ ಅವರ ಹೆಂಡತಿಗೆ, "ಅಕ್ಕಾ, ಈ ಬೀಗ ನನ್ನನ್ನ ಬಿಟ್ರೆ ಇನ್ಯಾರ ಮಾತೂ ಕೇಳಲ್ಲ" ಎಂದು ಹೇಳಿ ನಗಿಸಿದ್ದ.

ಆಮೇಲೆ ಕಾಲ ಕೆಟ್ಟಿತು. ಪತ್ರಿಕೆಗಳು ಒಂದೊಂದಾಗಿ ನಿಂತವು. ಮೇಲೆ ಯಾವ ಹೆಸರೂ ಇಲ್ಲದ ವ್ಯಾನುಗಳು ಬೀದಿಬೀದಿ ಸುತ್ತತೊಡಗಿದವು. ಸರ್ಕಾರದ ವಿರುದ್ಧ ಬಾಯಿ ಬಿಟ್ಟವರು ಮನೆಗೆ ವಾಪಸು ಬರುತ್ತಿರಲಿಲ್ಲ. ಜೋರಾಗಿ ಕೆಮ್ಮುವುದಕ್ಕೂ ಜನ ಹಿಂದೆ ಮುಂದೆ ನೋಡುವಂತಾಯಿತು. ಎಂದೋ ಹೊರದೇಶ ಸೇರಿದ್ದ ಬಾಮೈದ, ಅಲ್ಲಿ ಒಂದು ಬೀಗದ ಕಾರ್ಖಾನೆಯಲ್ಲಿ ಭಾವನಿಗೆ ಕೆಲಸ ಹೇಳಿಟ್ಟು, ಬೇಗ ಹೊರಟುಬನ್ನಿ ಎಂದು ಅಕ್ಕನ ಕಿವಿ ಕಚ್ಚುತ್ತಿದ್ದ. ಅವಳು ಗಂಡನ ಕಿವಿ ಕಚ್ಚುತ್ತಿದ್ದಳು. ಅವನದು ಒಂದೇ ರಾಗ. ಭಾಷೆ ಬರದ ಊರಿನಲ್ಲಿ ಮೂಗನ ಹಾಗೆ ಕೂರಬೇಕೇ? ಅಲ್ಲದೆ ಬೀಗದವನ ತಂಟೆಗೆ ಯಾರು ಬರುತ್ತಾರೆ?

"ನಾನು ಎಲ್ಲರಿಗೂ ಬೇಕಾದವನು ಕಣೆ" ಎಂದ ಒಂದು ದಿನ.

"ಅದೇ ರೀ ನನಗೆ ಭಯ" ಎಂದಳು ಹೆಂಡತಿ.

ಅವನಿಗೆ ಆ ಮಾತು ಅರ್ಥವಾಗಲಿಲ್ಲ. ಅರ್ಥವಾಗಿದ್ದರೆ ಆಗಲೇ ಗಂಟುಮೂಟೆ ಕಟ್ಟುತ್ತಿದ್ದ.

ಒಂದು ಬೆಳಿಗ್ಗೆ ವ್ಯಾನು ಅವನ ಅಂಗಡಿಯ ಮುಂದೆಯೇ ನಿಂತಿತು. ಇಳಿದ ಇಬ್ಬರು ಬಹಳ ಮರ್ಯಾದೆಯಿಂದ, ಸಲಕರಣೆಯ ಚೀಲ ತೆಗೆದುಕೊಂಡು ಜೊತೆಗೆ ಬರಬೇಕು ಎಂದರು. ಯಾರೋ ಮನೆಯೊಳಗೇ ಬೀಗದ ಕೈ ಮರೆತಿರಬೇಕು ಎಂದುಕೊಂಡು ಹೊರಟವನಿಗೆ, ಅವರು ಬೀದಿ ದಾಟಿ ಮೇಷ್ಟ್ರ ಬಾಗಿಲ ಮುಂದೆ ನಿಂತಾಗ ವಿಷಯ ಬೇರೆಯೆಂದು ಹೊಳೆಯಿತು. ಮೇಷ್ಟ್ರು ಏನೋ ಒಂದು ಮನವಿಗೆ ಸಹಿ ಹಾಕಿದ್ದರಂತೆ. ಬಡಿದರೂ ಬಾಗಿಲು ತೆಗೆಯುತ್ತಿಲ್ಲವಂತೆ. ಒಡೆದರೆ ಸದ್ದಾಗುತ್ತದೆ, ಸುಮ್ಮನೆ ಜನ ಸೇರುತ್ತಾರೆ. ನಿನ್ನ ಹತ್ತಿರ ಈ ಮನೆಯ ಕೀ ಇದೆಯೇ ಎಂದು ಕೇಳಿದರು. ಇಲ್ಲ ಎಂದ. ಅದು ಅಂಗಡಿಯ ಗೋಡೆಯ ಮೇಲೆ, ಅವನಿಗೆ ನಿಂತಲ್ಲಿಂದಲೇ ಕಾಣುವಂತೆ ತೂಗುತ್ತಿತ್ತು.

ಆ ಮನೆಗೆ ಹಿತ್ತಲ ಬಾಗಿಲೊಂದಿದೆ ಎಂಬುದು ಅವನಿಗೆ ಗೊತ್ತು, ಬಂದವರಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಎಳೆದರೆ ಮೇಷ್ಟ್ರು ಹಿಂದಿನ ಓಣಿಗೆ ಇಳಿದುಬಿಡಬಹುದು. ಅವನು ಚೀಲವನ್ನು ಸದ್ದಾಗುವಂತೆ ನೆಲಕ್ಕೆ ಹಾಕಿದ. ಕನ್ನಡಕ ಒರೆಸಿದ. ಇದು ಬಲು ಮೊಂಡು ಬೀಗ ಸ್ವಾಮಿ, ಹೊತ್ತು ಹಿಡಿಯುತ್ತದೆ ಎಂದು ಒಳಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ. ಕೊನೆಗೆ ವಿಧಿಯಿಲ್ಲದೆ ಕಂಬಿ ತೂರಿಸಿದ. ಮನಸ್ಸೆಲ್ಲ ಹಿತ್ತಲಲ್ಲಿತ್ತು. ಬೆರಳುಗಳು ಮಾತ್ರ ಅವನ ಮನಸ್ಸನ್ನು ಕೇಳಲಿಲ್ಲ. ಹುಡುಗನಾಗಿದ್ದಾಗಿನಿಂದ ಅದೊಂದೇ ಕೆಲಸ ಮಾಡಿದ ಬೆರಳುಗಳು, ತಮ್ಮ ಪಾಡಿಗೆ ತಾವು ಒಳಗಿನ ಹಲ್ಲುಗಳನ್ನು ಹುಡುಕಿಕೊಂಡವು. ಅವನು ಒಂದು ಸಲ ಕೆಮ್ಮುವಷ್ಟರಲ್ಲಿ ಬೀಗ ಕಟಕ್ಕೆಂದು ತೆರೆದುಕೊಂಡಿತು.

ಮೇಷ್ಟ್ರು ನಡುಮನೆಯಲ್ಲಿ ಒಂದು ಕಾಲಿಗೆ ಶೂ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಆ ಇಬ್ಬರನ್ನು ಅವರು ನೋಡಲೇ ಇಲ್ಲ.

"ನೀನಾ?" ಎಂದರು, ಅಷ್ಟೇ.

ವ್ಯಾನು ಹತ್ತುವ ಮುಂಚೆ ಬಂದವರಲ್ಲೊಬ್ಬ ಅವನ ಬೆನ್ನು ತಟ್ಟಿದ. "ಒಳ್ಳೆ ಕೈ ನಿಂದು. ಮತ್ತೆ ಕರೀತೀವಿ." ಬೀದಿಯ ಒಂದೊಂದು ಕಿಟಕಿಯ ಪರದೆಯ ಹಿಂದೆಯೂ ಜನರಿದ್ದರು. ಅವರಿಗೆ ಕಂಡದ್ದು ಆ ಬೆನ್ನು ತಟ್ಟಿದ್ದು.

ಮಾರನೆಯ ದಿನದಿಂದ ಗೋಡೆ ಬರಿದಾಗತೊಡಗಿತು. ಬೇಕರಿಯವನ ಹೆಂಡತಿ, ಮನೆಗೆ ನೆಂಟರು ಬರುತ್ತಾರೆ, ಆ ಕೈ ಬೇಕಿತ್ತು ಎಂದಳು. ದರ್ಜಿ, ಬಾಗಿಲನ್ನೇ ಬದಲಾಯಿಸುತ್ತಿದ್ದೇನೆ ಎಂದ. ಮಿಕ್ಕವರಿಗೆ ನೆಪ ಹುಡುಕುವಷ್ಟೂ ವ್ಯವಧಾನವಿರಲಿಲ್ಲ. ಅವನು ಬೈಯದೆ, ತಮಾಷೆ ಮಾಡದೆ, ಒಂದೊಂದನ್ನೇ ತೆಗೆದುಕೊಟ್ಟ. ಸಂಜೆ ಮನೆಗೆ ಹೋಗುವಾಗ ಬಾಗಿಲುಗಳ ಮೇಲೆ ಬೇರೆ ಯಾರೋ ಕೂರಿಸಿದ ಹೊಸ ಬೀಗಗಳು ಕಾಣುತ್ತಿದ್ದವು. ಕೆಲವನ್ನಂತೂ ಸೊಟ್ಟಗೆ ಕೂರಿಸಿದ್ದರು. ಆ ಸೊಟ್ಟವನ್ನು ಸರಿಮಾಡಬೇಕೆಂದು ಕೈ ತುರಿಸುತ್ತಿತ್ತು, ನಾಚಿಕೆಗೆಟ್ಟ ಕೈ.

ಮೇಷ್ಟ್ರ ಹತ್ತಿರ ಪಾಠಕ್ಕೆ ಹೋಗುತ್ತಿದ್ದ ಮಗಳು ಅಪ್ಪನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ಹೆಂಡತಿಯ ಮುಂದೆ ಮಾತ್ರ ಅವನು ಬಾಯಿ ಬಿಟ್ಟ. "ಬೇಕಂತಲೇ ನಿಧಾನ ಮಾಡಿದೆ ಕಣೆ. ಕೈ ಕೇಳಲಿಲ್ಲ."

ಅವಳು ಎದ್ದು ಕಿಟಕಿ ಮುಚ್ಚಿದಳು. "ಇದನ್ನ ಇನ್ಯಾರ ಮುಂದೇನೂ ಹೇಳ್ಬೇಡಿ. ಯಾರೂ ನಂಬಲ್ಲ" ಎಂದಳು. ಅವಳಾದರೂ ನಂಬಿದಳೋ ಇಲ್ಲವೋ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಬಾಮೈದ ಇನ್ನು ಕಾಯಲಾಗದು ಎಂದು ಫೋನು ಮಾಡಿದ. ಆದರೂ ಇವನು ಹೂಂ ಎನ್ನಲಿಲ್ಲ. ಈಗ ಹೋದರೆ ತಪ್ಪು ಮಾಡಿ ಓಡಿಹೋದ ಎನ್ನುತ್ತಾರೆ. ಇದ್ದರೆ ಎಂದಾದರೂ ಒಂದು ದಿನ ಮೇಷ್ಟ್ರು ಬಂದಾರು, ತಾನು ನಡೆದದ್ದನ್ನು ಹೇಳಿಕೊಂಡೇನು. ಹೀಗೆ ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತ ಬರಿಗೋಡೆಗೆ ಬೆನ್ನು ಕೊಟ್ಟು ಕುಳಿತಿರುತ್ತಿದ್ದ.

ಕೊನೆಗೆ ಗೋಡೆಯ ಮೇಲೆ ಒಂದೇ ಒಂದು ಕೈ ಉಳಿದಿದ್ದಾಗ ಮೇಷ್ಟ್ರ ಹೆಂಡತಿ ಬಂದರು. ಅವರಿಗೆ ಹೇಳಬೇಕೆಂದು ಅವನು ಎಷ್ಟೋ ಮಾತು ಕಟ್ಟಿಕೊಂಡಿದ್ದ. ಅವರು ಅಂಗೈ ಚಾಚಿದರು. ಅವನು ಕೈಯನ್ನು ಮೊಳೆಯಿಂದ ತೆಗೆದು ಅದರಲ್ಲಿಟ್ಟ.

"ನೀವು ಅವತ್ತು ಹೇಳಿದ್ದು ನಿಜ" ಎಂದರು ಅವರು. "ಈ ಬೀಗ ನಿಮ್ಮನ್ನ ಬಿಟ್ರೆ ಇನ್ಯಾರ ಮಾತೂ ಕೇಳಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಕಪಾಳಕ್ಕೆ ಎರಡು ಬಾರಿಸಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಅದೇ ಮಧ್ಯಾಹ್ನ, ಅವನು ಅಂಗಡಿ ಮುಚ್ಚಿ ಮನೆ ಸೇರಿದ ಮೇಲೆ, ವ್ಯಾನು ಮತ್ತೆ ಬಂತು, ಈ ಸಲ ಮನೆಗೇ. ಇನ್ನೊಂದು ಬೀದಿಯಲ್ಲಿ ಇನ್ನೊಂದು ಬಾಗಿಲಿತ್ತು. ಜ್ವರ ಬಂದು ಮಲಗಿದ್ದಾರೆ ಎಂದು ಹೆಂಡತಿ ಸುಳ್ಳು ಹೇಳಿ ಸಾಗಹಾಕಿದಳು. ವಾಸಿಯಾದ ಮೇಲೆ ಬರುತ್ತೇವೆ ಎಂದು ಹೇಳಿ ಅವರು ಹೋದರು. ಒಳಕೋಣೆಯಲ್ಲಿ ಅವನು ತನ್ನ ಎರಡು ಕೈಗಳನ್ನೂ ಕಂಕುಳಲ್ಲಿ ಬಿಗಿಯಾಗಿ ಹುದುಗಿಸಿಕೊಂಡು ಕುಳಿತಿದ್ದ.

"ನಿನ್ನ ತಮ್ಮನಿಗೆ ಬರ್ತೀವಿ ಅಂತ ಹೇಳು. ಬೀಗದ ಕೆಲಸ ಬೇಡ. ಕಸ ಗುಡಿಸೋದಾದ್ರೂ ಸರಿ" ಎಂದ.

ಹೊರಟ ದಿನ ಬೆಳಕು ಹರಿಯುವ ಮುಂಚೆಯೇ ಮೂವರೂ ಹೊಸ್ತಿಲು ದಾಟಿದರು. ಸಲಕರಣೆಯ ಚೀಲ ಒಳಗೇ ಉಳಿಯಿತು. ಮನೆಯ ಬೀಗದ ಕೈಯನ್ನು ಯಾರ ಹತ್ತಿರ ಕೊಟ್ಟುಹೋಗುವುದು ಎಂದು ಹೆಂಡತಿ ಮೆಲ್ಲಗೆ ಕೇಳಿದಳು. ಅವನು ಬೀದಿಯ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದ. ಆಮೇಲೆ ಬಾಗಿಲೆಳೆದು, ಬೀಗ ತಿರುಗಿಸಿ, ಕೈಯನ್ನು ಬೀಗದಲ್ಲೇ ಬಿಟ್ಟು ಮೆಟ್ಟಿಲಿಳಿದ.

"ರೀ, ಕೀ ಅಲ್ಲೇ ಇದೆ."

"ಇರ್ಲಿ ಬಿಡು. ಅವರು ಹುಡುಕ್ಕೊಂಡು ಬಂದೇ ಬರ್ತಾರೆ. ನಮ್ಮ ಬಾಗಿಲು ತೆಗೆಸೋಕೆ ಇನ್ನೊಬ್ಬ ಬೀಗದವನನ್ನ ಕರ್ಕೊಂಡು ಬರೋದು ಬೇಡ."

ಮಗಳು ಅಪ್ಪನ ಮುಖ ನೋಡಿದಳು. ಅವನ ಕೈಯಲ್ಲಿದ್ದ ಪೆಟ್ಟಿಗೆಯನ್ನು ತೆಗೆದುಕೊಂಡು ಮುಂದೆ ನಡೆದಳು.