ಲಕ್ಷ್ಮಿಯ ಮುಂದಿಟ್ಟ ಹನ್ನೆರಡು ಪದ

ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಅಂಕಿಸಂಖ್ಯೆ ತಿದ್ದಿ ನಿವೃತ್ತನಾದವನು ನಾನು. ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ನಮ್ಮ ಇಡೀ ಕೂಕಟ್‌ಪಲ್ಲಿ ಬಡಾವಣೆಯಲ್ಲಿ ಇಲ್ಲವೆಂಬ ಭ್ರಮೆ ಬಿಟ್ಟು ಒಂದು ವರ್ಷವಾಯಿತಷ್ಟೆ.

ನನ್ನ ಹೆಂಡತಿ ಎಂಟು ವರ್ಷ ಮನೆಯಲ್ಲೇ ಜೋಳದ ರೊಟ್ಟಿ ಬಡಿದು, ಅಪಾರ್ಟ್‌ಮೆಂಟಿನವರಿಗೆ ಮಾರಿ ಹಣ ಕೂಡಿಸಿದ್ದಳು. ಮೆಟ್ರೋ ಸ್ಟೇಷನ್ನಿನ ಹತ್ತಿರ ಸಣ್ಣದೊಂದು ರೊಟ್ಟಿ ಅಂಗಡಿ ಹಾಕುವುದು ಅವಳ ಆಸೆ. ಹಣ ಬ್ಯಾಂಕಿನಲ್ಲಿ ಸುಮ್ಮನೆ ಕೊಳೆಯುತ್ತಿದೆ ಎಂದು ಅವಳ ತಲೆ ತಿಂದು, ಅಷ್ಟನ್ನೂ ಕ್ರಿಪ್ಟೋ ಎಂಬ ಡಿಜಿಟಲ್ ನಾಣ್ಯ ಮಾಡಿಸಿ ನನ್ನ ಮೊಬೈಲಿನ ವ್ಯಾಲೆಟ್ಟಿಗೆ ಹಾಕಿಸಿದ ಮಹಾನುಭಾವ ನಾನೇ.

ಅವಳು ಕೇಳಿದ್ದು ಒಂದೇ ಪ್ರಶ್ನೆ.

“ನಮ್ಮ ವ್ಯಾಲೆಟ್ ನಂಬರೇ ಇನ್ನೊಬ್ಬರಿಗೂ ಬಂತಂದ್ರ ಏನ್ ಮಾಡೋದ್ರೀ? ನಮ್ಮ ಗ್ಯಾಸ್ ಸಿಲಿಂಡರ್ ನೋಡ್ರಿ, ಸದಾ ಬಾಜೂ ಬ್ಲಾಕಿಗೇ ಹೋಗತೈತಿ.”

ಇಂಥ ಪ್ರಶ್ನೆಗಾಗಿ ಜನ್ಮವೆಲ್ಲ ಕಾದಿದ್ದೆ. ಹಳೆಯ ಕ್ಯಾಲೆಂಡರಿನ ಹಿಂದೆ ಸೊನ್ನೆಗಳನ್ನು ಬರೆಯುತ್ತಲೇ ಹೋದೆ. ಕೃಷ್ಣಾ ನದಿಯ ಮರಳಿನಲ್ಲಿ ನೀನೊಂದು ಕಣ ಗುರುತಿಟ್ಟು ಎಸೆದರೆ, ನಾನು ಕಣ್ಣು ಕಟ್ಟಿಕೊಂಡು ಮೊದಲ ಸಲಕ್ಕೇ ಅದನ್ನೇ ಎತ್ತಬೇಕು. ಇಬ್ಬರಿಗೆ ಒಂದೇ ವ್ಯಾಲೆಟ್ ನಂಬರು ಬರುವುದು ಅದಕ್ಕಿಂತಲೂ ಕಷ್ಟ ಎಂದೆ. ರೊಟ್ಟಿ ಹೊತ್ತಿದ ವಾಸನೆ ಬಂದು ಅವಳು ಎದ್ದು ಹೋದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಉಪನ್ಯಾಸ ಮುಂದುವರಿಸಿದೆ.

ವ್ಯಾಲೆಟ್ಟಿನ ಕೀಲಿಯೆಂದರೆ ಹನ್ನೆರಡು ಇಂಗ್ಲಿಷ್ ಪದಗಳು. ಆ ಪದಗಳು ಯಾರಿಗೆ ಸಿಗುತ್ತವೋ ಹಣ ಅವರದೇ. ಮೊಬೈಲಿನಲ್ಲಿ ಇಡಬಾರದೆಂದು ಹಾಳೆಯ ಮೇಲೆ ದಪ್ಪಗೆ ಬರೆದು ತಿಜೋರಿಯಲ್ಲಿಟ್ಟೆ. ಎಂಥ ಜಾಗರೂಕತೆ ನೋಡಿ!

ದೀಪಾವಳಿ ಬಂತು. ನಮ್ಮಲ್ಲಿ ಲಕ್ಷ್ಮೀಪೂಜೆಗೆ ಪಾಸ್‌ಬುಕ್ಕುಗಳನ್ನು ದೇವಿಯ ಮುಂದಿಟ್ಟು ಅರಿಶಿನ ಕುಂಕುಮ ಏರಿಸುವುದು ಪದ್ಧತಿ.

“ಎಲ್ಲಾರ ಪಾಸ್‌ಬುಕ್ ಇಟ್ಟೀರಿ. ನನ್ನ ರೊಕ್ಕದ್ದು ಎಲ್ಲೈತ್ರೀ?” ಎಂದಳು ಹೆಂಡತಿ.

ಪಾಪ ಅನ್ನಿಸಿತು. ಹಾಳೆ ತಂದು ಬೆಳ್ಳಿ ಲಕ್ಷ್ಮಿಗೆ ಒರಗಿಸಿ ನಿಲ್ಲಿಸಿದೆ. ಅವಳು ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ ಕೈಮುಗಿದಳು. ನಾನು ಚೆಂದದ್ದೊಂದು ಫೋಟೋ ತೆಗೆದು ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದೆ. ಅರವತ್ತಮೂರು ಜನ. ಕಲಬುರಗಿಯ ಅತ್ತೆಯಿಂದ ಹಿಡಿದು ಕೊಂಡಾಪುರದ ತಮ್ಮನ ಮಗನವರೆಗೆ ಎಲ್ಲರೂ ನಮಸ್ಕಾರದ ಚಿತ್ರ ಕಳಿಸಿದರು.

ಮೂರನೇ ದಿನ ಬೆಳಿಗ್ಗೆ ತೆರೆದು ನೋಡಿದರೆ ವ್ಯಾಲೆಟ್ಟು ಖಾಲಿ.

ನನ್ನ ತಲೆಗೆ ಮೊದಲು ಹೊಳೆದದ್ದೇನು ಗೊತ್ತೇ? ಅಯ್ಯೋ, ಆ ಮರಳಿನ ಕಣ ಯಾರಿಗೋ ಸಿಕ್ಕಿಬಿಟ್ಟಿತು! ಕ್ಯಾಲೆಂಡರ್ ಹುಡುಕಿ ಲೆಕ್ಕ ಮತ್ತೆ ತಾಳೆ ನೋಡತೊಡಗಿದೆ. ಅವಳು ತನ್ನ ಮೊಬೈಲಿನಲ್ಲಿ ನಾನು ಗುಂಪಿಗೆ ಹಾಕಿದ್ದ ಪೂಜೆಯ ಫೋಟೋ ತೆರೆದು, ಎರಡು ಬೆರಳಲ್ಲಿ ಹಿಗ್ಗಿಸಿ ನನ್ನ ಮುಂದೆ ಹಿಡಿದಳು. ಹನ್ನೆರಡೂ ಪದ ಸ್ಪಷ್ಟವಾಗಿ ಕಾಣುತ್ತಿದ್ದವು. ನನ್ನ ಅಕ್ಷರ ಮೊದಲಿನಿಂದಲೂ ದುಂಡು.

“ಗುರ್ತಿಲ್ಲದವ್ರ ಕೈಗೆ ಸಿಗತೈತೇನೋ ಅಂತ ಅಂಜಿದ್ದೆ ನಾ. ನೀವು ಕರದು ಗುರ್ತಿನವ್ರಿಗೇ ಕೊಟ್ರಿ,” ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಪೊಲೀಸರ ಹತ್ತಿರ ಹೋಗೋಣವೆಂದೆ.

“ಯಾರ ಹೆಸರು ಬರಸ್ತೀರಿ? ಅತ್ತೀದೋ, ನಿಮ್ಮ ತಮ್ಮನ ಮಗಂದೋ?”

ಹೋಗಲಿ, ಆ ಗುಂಪನ್ನಾದರೂ ಬಿಟ್ಟುಬಿಡು ಎಂದೆ. ಬಿಡಲಿಲ್ಲ. ಈಗಲೂ ಬೆಳಗಾದರೆ ಒಲೆ ಹಚ್ಚುವ ಮೊದಲು ಅಷ್ಟೂ ಜನಕ್ಕೆ ಶುಭೋದಯ ಕಳಿಸಿ, ಕದ್ದವರಿಗೆ ಉತ್ತರಿಸಲು ಮುಖವಿರಲಿಕ್ಕಿಲ್ಲವೆಂದು, ಯಾರ ಉತ್ತರ ಬರುವುದಿಲ್ಲವೋ ಎಂದು ನೋಡುತ್ತ ಕೂರುತ್ತಾಳೆ. ಎಲ್ಲರೂ ಉತ್ತರಿಸುತ್ತಾರೆ.