ಅತ್ತೆಯ ಸೀಸೆ, ನನ್ನ ಬಳೆ

ಗಾಜು ಕೆಡುವ ವಸ್ತುವಲ್ಲ, ಒಡೆದರೂ ಕರಗಿಸಿದರೆ ಮತ್ತೆ ಗಾಜೇ, ಬಿಸಾಡಬೇಡಿ ಎಂದು ನಾನು ಮನೆಯವರಿಗೆಲ್ಲ ಬುದ್ಧಿ ಹೇಳುತ್ತಿರುತ್ತೇನೆ. ಕೇಳಿದವರು ಮುದುಕಿಗೆ ಎಷ್ಟು ತಿಳಿವಳಿಕೆ ಎಂದುಕೊಳ್ಳುತ್ತಾರೆ. ಆ ತಿಳಿವಳಿಕೆ ನನಗೆ ತಲೆಯಿಂದ ಬಂದದ್ದಲ್ಲ.

ಮದುವೆಯಾಗಿ ಹುಣಸೂರಿನ ಹತ್ತಿರದ ಹಳ್ಳಿಗೆ ಬಂದಾಗ ನಮ್ಮತ್ತೆಯ ಅಟ್ಟದ ಮೇಲೆ ಖಾಲಿ ಸೀಸೆಗಳ ಸಾಲೇ ಇತ್ತು. ಔಷಧಿ ಸೀಸೆ, ಹರಳೆಣ್ಣೆ ಸೀಸೆ, ಯಾರೋ ದೊರೆ ಶಿಕಾರಿಗೆ ಬಂದವನು ಕುಡಿದು ಎಸೆದ ಉದ್ದ ಕತ್ತಿನ ಸೀಸೆ. ಬೂದಿ, ಮರಳು ಹಾಕಿ ಕುಲುಕಿ ತೊಳೆದು, ಬಾಯಿಗೆ ಬಟ್ಟೆ ತುರುಕಿ ಇಡುತ್ತಿದ್ದರು. ಸೀಮೆಎಣ್ಣೆಗಾಗಲಿ, ಬಾಣಂತಿಯ ಎಣ್ಣೆಗಾಗಲಿ, ಬೀದಿಯಲ್ಲಿ ಯಾರಿಗೆ ಸೀಸೆ ಬೇಕಾದರೂ ನಮ್ಮ ಬಾಗಿಲಿಗೇ ಬರುತ್ತಿದ್ದರು. ಭೇರ್ಯದ ಕಡೆಯ ನನ್ನ ತವರಿನಲ್ಲಿ ಗಾಜೆಂದರೆ ಬಳೆ ಒಂದೇ. ಹಾಗಾಗಿ ಗಾಜಿನ ವಿಚಾರವೆಲ್ಲ ನನಗೆ ಗೊತ್ತು, ಈ ಮುದುಕಿಗೆ ಕಸ ಕೂಡಿಡುವ ಹುಚ್ಚು ಎಂದೇ ತಿಳಿದಿದ್ದೆ.

ಜರ್ಮನಿ ಯುದ್ಧದ ಕಾಲ. ಅತ್ತೆ ಹೊಲಕ್ಕೆ ಹೋಗಿದ್ದಾಗ ಬಳೆಗಾರ ಬಂದ.

“ಒಡಕಲು ಗಾಜಿದ್ರೆ ತಾರವ್ವ, ಬಳೆ ತೊಡಿಸ್ತೀನಿ. ಒಲೇಲಿ ಕರಗಿಸಿ ಹೊಸ ಬಳೆ ಮಾಡ್ತಾರೆ. ಯುದ್ಧ ಬಂದು ಗಾಜೇ ಸಿಗಾಕಿಲ್ಲ ಕಣವ್ವ.”

“ಒಡೀದೆ ಇರೋದು ಆಯ್ತದಾ?”

“ಒಡಿಯೋಕೇನು ಕಷ್ಟವ್ವ!”

ನಾನೇ ಏಣಿ ಹತ್ತಿ ಸಾಲಿಗೆ ಸಾಲನ್ನೇ ಇಳಿಸಿಕೊಟ್ಟೆ. ಎರಡೂ ಕೈಗೆ ಹಸಿರು ಬಳೆ ತೊಡಿಸುತ್ತ ಅವನು, “ಕೈ ಬೆಣ್ಣೆ ಇದ್ದಂಗದೆ” ಅಂದ. ಎಮ್ಮೆಗೆ ತೊಡಿಸಿದ್ದರೂ ಅದನ್ನೇ ಅನ್ನುತ್ತಿದ್ದ. ನಾನು ನಂಬಿದೆ. ಅಂದೆಲ್ಲ ಬೇಕಿಲ್ಲದಿದ್ದರೂ ಕೈ ಎತ್ತಿ ಎತ್ತಿ ತಲೆ ಸರಿಮಾಡಿಕೊಂಡೆ. ಬಳೆ ಕಂಡು ಕೇಳಿದ ಅತ್ತೆಗೆ ತವರಿನ ದುಡ್ಡಿನದು ಅಂದುಬಿಟ್ಟೆ.

ಮುಂದಿನ ಸಂತೆಯ ದಿನ ಅತ್ತೆಗೆ ಚಳಿಜ್ವರ ಹಿಡಿಯಿತು. ಮಂಚ ಗಡಗಡ ಅನ್ನುವಷ್ಟು ನಡುಕ. ಅದೇ ಜ್ವರಕ್ಕೆ ಎದುರು ಮನೆಯ ಯಜಮಾನಿ ಆಗಷ್ಟೇ ತೀರಿಕೊಂಡಿದ್ದಳು. ನನ್ನ ಗಂಡ ಮರ ಹೇರುವ ಗಾಡಿ ಹೊಡೆದುಕೊಂಡು ಎಚ್.ಡಿ. ಕೋಟೆ ಕಡೆಗೆ ಹೋಗಿದ್ದರು. ಅತ್ತೆ ಕಂಬಳಿಯೊಳಗಿಂದಲೇ, “ಅಮ್ಮಿ, ಅಟ್ಟದ ಮ್ಯಾಲಿಂದ ಸಣ್ಣ ಸೀಸೆ ತಕ್ಕೊಂಡು ಉಣಸೂರ ಆಸ್ಪತ್ರೆಗೋಗು. ಔಸ್ದಿ ತತ್ತಾ” ಅಂದರು.

ನಾನು ಏಣಿ ಹತ್ತಿದೆ. ಖಾಲಿ ಅಟ್ಟದ ಮೇಲೆ ಒಂದಿಷ್ಟು ಸದ್ದು ಮಾಡಿ ಇಳಿದೆ. ಸೆರಗಿನೊಳಗೆ ಹಿತ್ತಾಳೆ ಚೊಂಬು ಇಟ್ಟುಕೊಂಡು ಹೊರಟೆ.

ಆಸ್ಪತ್ರೆಯ ಕಾಂಪೌಂಡರು ಚೊಂಬನ್ನೂ ನನ್ನನ್ನೂ ನೋಡಿದರು. “ಏನಮ್ಮ, ಮಜ್ಜಿಗೆ ಹಾಕಿಸಿಕೊಂಡು ಹೋಗೋಕೆ ಬಂದ್ಯಾ? ಹಿತ್ತಾಳೆಗೆ ಹಾಕಿದ್ರೆ ಔಷಧಿ ಕಿಲುಬಾಗುತ್ತೆ. ಸೀಸೆ ತಾ, ಔಷಧಿ ಕೊಡ್ತೀನಿ. ಬಾಗಿಲು ಹಾಕೋದ್ರೊಳಗೆ ಬಾ.”

ಅಂಗಡಿ ಅಂಗಡಿ ಕೇಳಿದೆ. ಯುದ್ಧ ಅಂದರು, ಇಲ್ಲ ಅಂದರು. ಸಂತೆಯಲ್ಲಿ ಬಳೆಗಾರ ಕಂಡಾಗ ದೇವರೇ ಕಂಡಹಾಗಾಯಿತು. ಪಕ್ಕದಲ್ಲಿದ್ದ ಅವನ ಗೋಣಿಚೀಲ ಮುಟ್ಟಿದೆ. ಒಳಗೆ ಝಲ್ ಅಂದಿತು.

“ಎಲ್ಲಾನೂ ಚೂರು ಮಾಡ್ಬುಟ್ಯಾ?”

“ಚೂರು ಮಾಡಿದ್ರೆ ಚೀಲದಾಗೆ ಜಾಸ್ತಿ ಇಡಿಸ್ತದೆ ಕಣವ್ವ.”

“ನಿನ್ ಬಳೆ ವಾಪಸ್ ತಕ್ಕೊ, ಎಲ್ಲಿಂದಾದ್ರೂ ಒಂದು ಸೀಸೆ ಕೊಡು. ನಮ್ಮತ್ತೆಗೆ ಔಸ್ದಿ ಬೇಕು.”

ಅವನು ಕೈ ಹಿಂದಕ್ಕೆ ಎಳೆದುಕೊಂಡ. “ಮುತ್ತೈದೆ ಕೈಯಿಂದ ಬಳೆ ಬಿಚ್ಚು ಅಂತೀಯಾ? ತೊಡಿಸೋ ಕೈ ಕಣವ್ವ ಇದು!”

ನಾನು ಸಂತೆಯ ನಡುವೆ ಗೊಳೋ ಅಂದೆ. ಅತ್ತೆಯ ಮೇಲಿನ ಪ್ರೀತಿ ಎಂದು ಜನ ತಿಳಿದರು. ಅತ್ತೆ ಸತ್ತರೆ ಗಂಡನಿಗೆ ಏನು ಹೇಳುವುದು, ಬದುಕಿದರೆ ಅತ್ತೆಗೇ ಏನು ಹೇಳುವುದು ಎಂಬ ಹೆದರಿಕೆ ನನ್ನದು.

ಬಳೆಗಾರ ನಿಟ್ಟುಸಿರು ಬಿಟ್ಟು, ತಾನು ಕುಡಿಯುವ ನೀರಿಗೆಂದು ಇಟ್ಟುಕೊಂಡಿದ್ದ ಸೀಸೆಯ ನೀರು ಚೆಲ್ಲಿದ. ನೋಡಿದರೆ ನಮ್ಮದೇ ಉದ್ದ ಕತ್ತಿನ ಸೀಸೆ! “ಸಾಲ ಇದು. ಬಳೆ ಚೂರು ತುಂಬಿಸಿ ವಾಪಸ್ ಕೊಡ್ಬೇಕು” ಅಂದ.

ಕಾಂಪೌಂಡರು ಸೀಸೆಯನ್ನು ಮೂಸಿ ನೋಡಿ, ತಳದಲ್ಲಿ ಎರಡು ಬೆರಳಷ್ಟು ಔಷಧಿ ಹಾಕಿ, ಅಳತೆಯ ಕಾಗದ ಅಂಟಿಸಿಕೊಟ್ಟರು. ದಾರಿಯಲ್ಲಿ ಸೀಸೆಯ ಕತ್ತು ಎಷ್ಟು ಮುಚ್ಚಿದರೂ ಸೆರಗಿನಿಂದ ಇಣುಕುತ್ತಿತ್ತು. ಹೆಂಡದಂಗಡಿಯ ಮುಂದೆ ಕೂತಿದ್ದ ನಮ್ಮೂರಿನವನೊಬ್ಬ ಕೇಳಿದ: “ಯಾರಿಗವ್ವ, ಯಜಮಾನ್ರಿಗಾ?”

“ಅವ್ರು ಊರಲ್ಲಿಲ್ಲ. ನಮ್ಮತ್ತೆಗೆ” ಅಂದೆ. ನಿಜವನ್ನೇ ಹೇಳಿದ್ದೆ. ಆ ಸುದ್ದಿ ನನಗಿಂತ ಮೊದಲೇ ಊರು ಮುಟ್ಟಿತ್ತು.

ಅತ್ತೆ ಮೊದಲ ಗುಟುಕು ಕುಡಿದು ಮುಖ ಹಿಂಡಿದರು. ಆಮೇಲೆ ಸೀಸೆ ನೋಡಿದರು.

“ಸಣ್ಣದು ತಕ್ಕೊ ಅಂದ್ನಲ್ಲ. ಮಿಕ್ಕವೆಲ್ಲಿ?”

ಲೋಟ ಇಸಿದುಕೊಳ್ಳಲು ಕೈ ಚಾಚಿದೆ. ಬಳೆಗಳು ಗಲಗಲ ಅಂದವು. ಹೊಸ ಬಳೆಗೆ ಬಾಯಿ ಜಾಸ್ತಿ. ಅತ್ತೆ ಅಷ್ಟು ಜ್ವರದಲ್ಲೂ ಎಲ್ಲವನ್ನೂ ತಿಳಿದುಕೊಂಡರು.

“ಓ, ಕೈಗೆ ಆಕ್ಕೊಂಡಿದ್ದೀಯಾ! ಸರಿ ಬುಡು. ನಾಳಿಕೆ ಔಸ್ದೀನ ಅದ್ರಾಗೇ ತಂದ್ಕೊಡು.”

ಬೈದಿದ್ದರೆ ಅಳಬಹುದಿತ್ತು. ಇದಕ್ಕೆ ಏನು ಮಾಡುವುದು? ಬೆಳಗಿನ ಹೊತ್ತಿಗೆ ಅತ್ತೆಗೆ ಬೆವರು ಬಿಟ್ಟಿತು, ಜ್ವರ ಇಳಿಯಿತು. ನನ್ನ ಪಾಡು ಶುರುವಾಯಿತು.

ಔಷಧಿ ಮುಗಿದ ಆ ದೊಡ್ಡ ಹೊಟ್ಟೆಯ ಸೀಸೆ ತುಂಬುವಷ್ಟು ಬಳೆ ಚೂರು ಎಲ್ಲಿಂದ ತರುವುದು? ಬಟ್ಟೆ ಒಗೆಯುವ ಕಡೆ, ಭತ್ತ ಕುಟ್ಟುವ ಕಡೆ ಕಾದು ಕೂರುತ್ತಿದ್ದೆ. ನನ್ನನ್ನು ಕಂಡರೆ ಹೆಂಗಸರು, “ಚೂರಿನವಳು ಬಂದ್ಲು, ಕೈ ಮುಚ್ಕೊಳ್ರೇ” ಎಂದು ನಗುತ್ತಿದ್ದರು. ಬೇಡವೆಂದಾಗ ಪಟಪಟ ಒಡೆಯುವ ಬಳೆ, ಬೇಕೆಂದಾಗ ಕಬ್ಬಿಣವಾಗುತ್ತದೆ. ನನ್ನ ಹಸಿರು ಬಳೆಗಳೂ ರಾಗಿ ಬೀಸುವಾಗ ಒಂದೊಂದಾಗಿ ಒಡೆದು ಆ ಸೀಸೆಯೊಳಗೇ ಹೋದವು. ಸೀಸೆಯಿಂದ ಕೈಗೆ ಬಂದದ್ದು ಕೈಯಿಂದ ಸೀಸೆಗೆ ಸೇರಿತು.

ಬಳೆಗಾರ ಬಂದಾಗ ಅತ್ತೆಯೇ ಎದುರು ಹೋಗಿ, ಚೂರನ್ನೆಲ್ಲ ಅವನ ಚೀಲಕ್ಕೆ ಸುರಿದು, ಖಾಲಿ ಸೀಸೆಯನ್ನು ಕಂಕುಳಲ್ಲಿ ಇಟ್ಟುಕೊಂಡರು.

“ಅವ್ವಾ, ಸೀಸೆ ನಂದು” ಅಂದ ಅವನು.

“ಒಡ್ದಿದ್ದು ನಿಂದು, ಒಡೀದೇ ಇದ್ದಿದ್ದು ನಂದು. ನಡಿಯಲಾ!”

ಈಗ ಅಟ್ಟ ನನ್ನದು. ಸೀಸೆಗಳೂ ಮತ್ತೆ ಸಾಲಾಗಿ ಸೇರಿವೆ. ಸೊಸೆ ನೋಡಿ ಮೂಗು ಮುರಿಯುತ್ತಾಳೆ. ನಾನು ಬುದ್ಧಿ ಹೇಳುವುದನ್ನು ಬಿಟ್ಟಿಲ್ಲ, ಆದರೆ ಬುದ್ಧಿಮಾತನ್ನು ನಂಬುವ ಹೆಂಗಸೂ ನಾನಲ್ಲ. ಬಳೆಗಾರನ ಕೂಗು ಬೀದಿಯ ತುದಿಯಲ್ಲಿ ಕೇಳಿದ ಕೂಡಲೇ ಏಣಿ ತೆಗೆದು ನನ್ನ ಮಂಚದ ಕೆಳಗೆ ತಳ್ಳಿ, ಮೇಲೆ ಮಲಗಿಬಿಡುತ್ತೇನೆ.